ಹ್ಯಾಟೆಗೆ ಪೆಟ್ಟಾದ ದಿನ

ಮಗಳೇ, 'ನಾನೂರು ರೂಪಾಯಿ ಕೋಳಿಗೆ ಆರುನೂರು ರೂಪಾಯಿ ಡಾಕ್ಟರ ಖರ್ಚಾ?' ಅಂತ ಮನೆಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದವರು ಕೆಟ್ಟವರೇನಲ್ಲ. ನೀನು ಸೇರಿದ ರಾಯದುರ್ಗದಲ್ಲಾಗಲಿ, ನಮ್ಮ ಮಡಕಶಿರದ ಕಡೆಯಾಗಲಿ, ಮಳೆಯ ಮುಖ ನೋಡಿ ಬದುಕುವ ಮನೆಗಳಲ್ಲಿ ಆರುನೂರು ರೂಪಾಯಿ ಸಣ್ಣ ಮಾತಲ್ಲ. ಆದರೆ ಹ್ಯಾಟೆ ರಕ್ತ ಸುರಿಸಿಕೊಂಡು ಮೂಲೆಯಲ್ಲಿ ಕೂತಿರುವಾಗ ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಬೇಡ. ಆಗ ಅಳು ಒಂದು ಕಡೆ, ಸಿಟ್ಟು ಒಂದು ಕಡೆ, ಅತ್ತೆ ಮಾವನ ಮಾತು ಇನ್ನೊಂದು ಕಡೆ. ಎಷ್ಟು ಖರ್ಚು ಮಾಡಬಲ್ಲೆ, ಯಾವ ಗಾಯಕ್ಕೆ ಡಾಕ್ಟರು ಬೇಕೇ ಬೇಕು, ಯಾವುದನ್ನು ಮನೆಯಲ್ಲೇ ವಾಸಿ ಮಾಡಬಹುದು ಅನ್ನೋದನ್ನು ಕೋಳಿ ಚೆನ್ನಾಗಿರುವಾಗಲೇ ತಿಳಿದಿಟ್ಟುಕೋ.

ಇಷ್ಟು ವರ್ಷ ಕೋಳಿ ಸಾಕಿದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ. ಪೆಟ್ಟಾದ ಮೊದಲ ದಿನ ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ. ಅವನ್ನು ಬಿಟ್ಟಾಗಲೇ ನಾಲ್ಕನೇ ದಿನ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ.

ಮೊದಲು ಹಿಡಿಯುವ ರೀತಿ ಕಲಿ. ನಮಗಿರುವಂತೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಪರದೆ ಕೋಳಿಗಿಲ್ಲ. ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಪ್ರೀತಿಯಿಂದ ಗಟ್ಟಿಯಾಗಿ ಅವುಚಿಕೊಂಡರೂ ಉಸಿರು ಕಟ್ಟುತ್ತದೆ. ಕಾಲು ಕಟ್ಟಿ ಬೈಕಿನ ಹ್ಯಾಂಡಲಿಗೆ ತಲೆಕೆಳಗಾಗಿ ತೂಗುಹಾಕಿ ಸಂತೆಗೆ ಒಯ್ಯುವುದನ್ನು ದಿನಾ ನೋಡುತ್ತೇವೆ, ನೋಡಿ ನೋಡಿ ರೂಢಿಯಾಗಿಬಿಟ್ಟಿದೆ. ಆಗ ಹೊಟ್ಟೆಯೊಳಗಿನ ಭಾರವೆಲ್ಲ ಗಾಳಿಚೀಲಗಳ ಮೇಲೆ ಬೀಳುತ್ತದೆ. ಪೆಟ್ಟಾದ ಕೋಳಿಯನ್ನು ಡಾಕ್ಟರ ಹತ್ತಿರ ಹಾಗೆ ಒಯ್ದರೆ ದಾರಿಯಲ್ಲೇ ಪ್ರಾಣ ಹೋದೀತು. ಎರಡೂ ರೆಕ್ಕೆ ಮಡಿಸಿ, ಹಳೆ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಒಂದು ಅಂಗೈ ಎದೆಯ ಕೆಳಗಿಟ್ಟು ಎತ್ತು. ಒಯ್ಯುವಾಗ ಬಿದಿರಬುಟ್ಟಿಯಲ್ಲಿಟ್ಟು ಮೇಲೆ ತೆಳು ಬಟ್ಟೆ ಮುಚ್ಚು. ಕತ್ತಲಾದರೆ ಅದು ಒದ್ದಾಡುವುದಿಲ್ಲ.

ರಕ್ತ ಬರುತ್ತಿದ್ದರೆ ಒಗೆದ ಬಟ್ಟೆ ಇಲ್ಲವೇ ಹತ್ತಿ ಇಟ್ಟು ಬೆರಳಿನಿಂದ ಒತ್ತಿ ಹಿಡಿ. ಐದು ನಿಮಿಷ ತೆಗೆದು ನೋಡಬೇಡ. ಒಂದೂವರೆ ಕಿಲೋ ಹ್ಯಾಟೆಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು ನೂರು ಮಿಲಿ, ಅಂದರೆ ಒಂದು ಟೀ ಲೋಟದಷ್ಟು. ನಮ್ಮ ಕಣ್ಣಿಗೆ ಸ್ವಲ್ಪ ಅಂತ ಕಂಡದ್ದು ಅದಕ್ಕೆ ಬಹಳ. ಜುಟ್ಟು ಹರಿದಿದ್ದರೆ, ಉಗುರು ಕಿತ್ತಿದ್ದರೆ ಅರಿಶಿನ ಒತ್ತಿದರೆ ಸಾಕು, ನಿಲ್ಲುತ್ತದೆ. ಆಳದ ಗಾಯಕ್ಕೆ ಮಾತ್ರ ಅರಿಶಿನ, ಬೂದಿ, ಕಾಫಿಪುಡಿ ತುಂಬಬೇಡ. ಸೀಮೆಎಣ್ಣೆಯನ್ನಂತೂ ಹತ್ತಿರ ತರಬೇಡ. ತುಂಬಿದ್ದನ್ನೆಲ್ಲ ತೊಳೆದು ತೆಗೆಯುವ ಕೆಲಸ ಆಮೇಲೆ ಡಾಕ್ಟರಿಗೆ, ಅದರ ನೋವು ಕೋಳಿಗೆ.

ತೊಳೆಯಲು ಕುದಿಸಿ ಆರಿಸಿದ ನೀರು, ಲೀಟರಿಗೆ ಒಂದೂವರೆ ಟೀ ಚಮಚ ಉಪ್ಪು. ಸೂಜಿ ತೆಗೆದ ಸಿರಿಂಜಿನಲ್ಲಿ ಮೆಲ್ಲಗೆ ಹಾಯಿಸಿದರೆ ಮಣ್ಣು, ಕಸ ಹೊರಗೆ ಬರುತ್ತವೆ. ಗಾಯದ ಸುತ್ತಲಿನ ಪುಕ್ಕವನ್ನು ಕೀಳಬೇಡ, ಕತ್ತರಿಯಿಂದ ಕತ್ತರಿಸು. ಆಮೇಲೆ ಪೊವಿಡೋನ್ ಅಯೋಡಿನ್, ಟೀ ಬಣ್ಣ ಬರುವಷ್ಟು ನೀರು ಬೆರೆಸಿ. ಒಂದು ಸಣ್ಣ ಸೀಸೆ ತಂದರೆ ಮನೆಯವರಿಗೆಲ್ಲ ಆಗುತ್ತದೆ. ಒಂದು ಎಚ್ಚರಿಕೆ: ರೆಕ್ಕೆಯ ಬುಡದ ಎಲುಬು ಮುರಿದು ಗಾಯದಿಂದ ಹೊರಗೆ ಬಂದಿದ್ದರೆ ಅದಕ್ಕೆ ನೀರು ಹಾಯಿಸಬೇಡ. ಆ ಎಲುಬು ಒಳಗೆ ಪೊಳ್ಳು, ಅದರ ದಾರಿ ಗಾಳಿಚೀಲಕ್ಕೆ ಕೂಡುತ್ತದೆ. ಹಾಕಿದ ನೀರು ಉಸಿರಿನ ಜಾಗಕ್ಕೇ ಹೋಗುತ್ತದೆ.

ತೊಳೆದ ಮೇಲೆ ಒಂಟಿಯಾಗಿ ಬುಟ್ಟಿ ಮುಚ್ಚಿ ಇಡು. ಇದನ್ನು ಬಹಳ ಜನ ಮರೆಯುತ್ತಾರೆ. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ, ಜೊತೆಗೆ ಬೆಳೆದವೂ ಕುಕ್ಕುತ್ತವೆ. ನಾಯಿ ಮಾಡಿದ ಗಾಯಕ್ಕಿಂತ ಗೂಡಿನೊಳಗೆ ಆಗುವ ಗಾಯವೇ ಎಷ್ಟೋ ಸಲ ದೊಡ್ಡದು. ಕೆಳಗೆ ಒಣಗಿದ ಶೇಂಗಾ ಹೊಟ್ಟು ಹರಡು, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಬುಟ್ಟಿಯ ಮೇಲೆ ಹಳೆ ಸೊಳ್ಳೆಪರದೆಯ ತುಂಡು ಬಿಗಿದು ಕಟ್ಟು. ನೊಣ ಕೂತರೆ ಒಂದೇ ದಿನದಲ್ಲಿ ಗಾಯದಲ್ಲಿ ಹುಳ ಆಡುತ್ತದೆ, ಮಳೆಗಾಲದಲ್ಲಂತೂ ಹೇಳಬೇಕಿಲ್ಲ. ಆ ಪರದೆಯ ತುಂಡು ಉಳಿಸುವ ಔಷಧಿಯ ಖರ್ಚು ಎಷ್ಟೆಂದು ಹುಳ ಬಿದ್ದ ಕೋಳಿಯನ್ನು ಕಂಡವರಿಗೆ ಗೊತ್ತು. ಬೇಸಿಗೆಯಲ್ಲಿ ಬುಟ್ಟಿಯನ್ನು ತಗಡಿನ ಸೂರಿನಡಿ ಇಡಬೇಡ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಗಾಯದಿಂದ ಉಳಿದ ಕೋಳಿ ಬಿಸಿಲಿಗೆ ಸಾಯುತ್ತದೆ.

ಕುಡಿಯಲು ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿಡು. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಮುಟ್ಟಿಸು. ಬಾಯಿ ತೆರೆದು ಸುರಿಯಬೇಡ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ಅಲ್ಲಿಗಿಳಿದರೆ ಮುಗಿಯಿತು. ಮೇವಿಗೆ ನೆನೆಸಿದ ಸಜ್ಜೆ, ರಾಗಿ ಮುದ್ದೆಯ ಚೂರು, ಬೇಯಿಸಿದ ಮೊಟ್ಟೆ. ಬೂಷ್ಟು ಹಿಡಿದ ಶೇಂಗಾ ಮಾತ್ರ ಯಾವ ಕೋಳಿಗೂ ಹಾಕಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಾಕೆ ಅಂತ ಯಾರಿಗೂ ತಿಳಿಯದಂತೆ ಸತ್ತವು. ಹುಡುಕಿದಾಗ ಕಾರಣ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ. ಅಫ್ಲಾಟಾಕ್ಸಿನ್ ಅನ್ನುವ ವಿಷ ಜಗತ್ತಿಗೆ ತಿಳಿದದ್ದೇ ಆ ಸಾವುಗಳಿಂದ. ಶೇಂಗಾ ಬೆಳೆಯುವ ಸೀಮೆಯವರಾದ ನಾವು ಕೆಟ್ಟ ಕಾಯನ್ನು 'ಕೋಳಿಗಾದರೂ ಆಗಲಿ' ಅಂತ ಎಸೆಯುವ ಅಭ್ಯಾಸ ಬಿಡಬೇಕು.

ಇನ್ನು ಯಾವ ಗಾಯಕ್ಕೆ ಡಾಕ್ಟರು ಬೇಕು ಅನ್ನೋದು. ನಾಯಿ ಕಚ್ಚಿದ್ದರೆ ಬೇಕೇ ಬೇಕು. ಹೊರಗೆ ಎರಡು ಸಣ್ಣ ತೂತು ಕಂಡರೂ ಒಳಗೆ ಮಾಂಸ ಜಜ್ಜಿಹೋಗಿರುತ್ತದೆ. ಬೆಕ್ಕು ಬಾಯಿ ಹಾಕಿದ್ದರೆ ಇನ್ನೂ ಬೇಗ ಹೋಗು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲ ಅನ್ನುವ ರೋಗಾಣು ಇರುತ್ತದೆ. ಲೂಯಿ ಪಾಶ್ಚರ್ ಹೆಸರನ್ನೇ ಇಟ್ಟಿರುವ ಈ ರೋಗಾಣುಗಳ ಜಾತಿಯದೇ ಒಂದು ಕೋಳಿಗಳಿಗೆ ಕಾಲರಾ ತರುತ್ತದೆ. ಅದಕ್ಕೆ ಲಸಿಕೆ ಹುಡುಕುತ್ತ ಪಾಶ್ಚರ್ 1879ರ ಹೊತ್ತಿಗೆ ಕೋಳಿಗಳ ಮೇಲೇ ಪರೀಕ್ಷೆ ನಡೆಸಿದ್ದರು. ಬೆಕ್ಕಿನ ಹಲ್ಲು ತಾಗಿದ ಕೋಳಿ ಸಂಜೆ ಚೆನ್ನಾಗಿ ಓಡಾಡಿಕೊಂಡಿದ್ದು ಎರಡನೇ ದಿನ ತಲೆ ಜೋತುಹಾಕಿಬಿಡುವುದು ಈ ರೋಗಾಣುವಿನಿಂದಲೇ. ಹೊಟ್ಟೆ ಸೀಳಿ ಕರುಳು ಕಂಡರೆ, ಉಸಿರು ಬಾಯಲ್ಲಿ ಬಿಡುತ್ತಿದ್ದರೆ, ಮೇವಿನ ಚೀಲ ಹರಿದು ತಿಂದದ್ದು ಹೊರಗೆ ಬರುತ್ತಿದ್ದರೆ, ಕಣ್ಣಿಗೆ ಪೆಟ್ಟಾಗಿದ್ದರೆ ಮನೆಮದ್ದಿನ ಮಾತು ಬೇಡ.

ಹೆದರಿಸುವಂತೆ ಕಂಡರೂ ವಾಸಿಯಾಗುವ ಗಾಯಗಳೂ ಇವೆ. ಹುಂಜ ಏರುವಾಗ ಅದರ ಮುಳ್ಳುಗಾಲು ತಗುಲಿ ಹ್ಯಾಟೆಯ ಪಕ್ಕೆಯ ತೊಗಲು ಅಂಗೈಯಗಲ ಹರಿಯುತ್ತದೆ. ನೋಡಿದವರು 'ಆಯ್ತು ಇದರ ಕಥೆ' ಅನ್ನುತ್ತಾರೆ. ತೊಗಲು ಮಾತ್ರ ಹರಿದು ಕೆಳಗಿನ ಮಾಂಸ ಚೆನ್ನಾಗಿದ್ದರೆ ತೊಳೆದು, ನೊಣ ಕೂರದಂತೆ ಕಾದರೆ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಕೋಳಿಯ ತೊಗಲಿಗೆ ಅಷ್ಟು ಶಕ್ತಿ ಇದೆ. ಅದೇ ದಿನ ಡಾಕ್ಟರು ಸಿಕ್ಕಿದರೆ ನಾಲ್ಕು ಹೊಲಿಗೆ ಹಾಕಿಸು, ಬೇಗ ಮಾಗುತ್ತದೆ.

ಕಾಲು ಮುರಿದಿದ್ದರೆ ಎಲ್ಲಿ ಮುರಿದಿದೆ ನೋಡು. ಪುಕ್ಕವಿಲ್ಲದ, ಹುರುಪೆ ತೊಗಲಿನ ಕೆಳಗಾಲಾದರೆ ಬಿದಿರಿನ ತೆಳು ಸೀಳು ಎರಡು ಕಡೆ ಇಟ್ಟು, ನಡುವೆ ಹತ್ತಿ ಮೆತ್ತಿ, ಔಷಧಿ ಅಂಗಡಿಯ ಕಾಗದದ ಪಟ್ಟಿ ಸುತ್ತಿದರೆ ಸುಮಾರು ಮೂರು ವಾರಕ್ಕೆ ಕೂಡುತ್ತದೆ. ಬಿಗಿ ಹೆಚ್ಚಾದರೆ ಬೆರಳುಗಳು ತಣ್ಣಗಾಗಿ ಊದುತ್ತವೆ, ದಿನಾ ಮುಟ್ಟಿ ನೋಡು. ರೆಕ್ಕೆ ಜೋತುಬಿದ್ದಿದ್ದು ಗಾಯವಿಲ್ಲದಿದ್ದರೆ ಮಡಿಸಿ ಮೈಗೆ ಸೇರಿಸಿ ಕಟ್ಟು, ಎದೆ ಬಿಗಿಯದಂತೆ. ತೊಡೆ ಮುರಿದಿದ್ದರೆ ಡಾಕ್ಟರು ನೋಡಲಿ. ಸೊಂಟ ಮುರಿದು ಎರಡೂ ಕಾಲು ಎಳೆಯುತ್ತಿದ್ದರೆ ಆಸೆ ಕಡಿಮೆ.

ನಿನ್ನ ರಾಯದುರ್ಗಕ್ಕೇ ಹೇಳಬೇಕಾದ ಒಂದು ಮಾತಿದೆ. ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ಊರು ಅದು. ಬೀದಿಯಲ್ಲಿ ಬಿದ್ದ ದಾರ ಕೋಳಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಜೀನ್ಸಿನ ದಾರ ತಾನಾಗಿ ಹರಿಯುವುದಿಲ್ಲ. ಕೆದಕಿದಷ್ಟೂ ಬಿಗಿಯುತ್ತ ಹೋಗಿ ತೊಗಲೊಳಗೆ ಇಳಿದು ಬೆರಳು ಕಪ್ಪಾಗಿ ಉದುರುತ್ತದೆ. ಕುಂಟುತ್ತಿರುವ ಕೋಳಿಯನ್ನು ಕಂಡರೆ ಮೊದಲು ಬೆರಳ ಸಂದಿ ನೋಡು. ಉಗುರುಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಸಣ್ಣ ಕತ್ತರಿಯಿಂದ ಎಳೆ ಎಳೆಯಾಗಿ ಬಿಡಿಸು. ಕೊಕ್ಕಿನಿಂದ ದಾರ ನೇತಾಡುತ್ತಿದ್ದರೆ ಜಗ್ಗಬೇಡ. ಇನ್ನೊಂದು ತುದಿ ನಾಲಿಗೆಗೆ ಸುತ್ತಿರಬಹುದು, ಹೊಟ್ಟೆಯೊಳಗೂ ಇಳಿದಿರಬಹುದು. ತುದಿಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿ. ಹೊಲಿಗೆ ಮಾಡುವ ಮನೆಯವರು ಚಿಂದಿ, ದಾರವನ್ನು ಒಂದು ಚೀಲದಲ್ಲಿ ತುಂಬಿಟ್ಟರೆ ಈ ಗಾಯವೇ ಇರುವುದಿಲ್ಲ. ಓಣಿಯಲ್ಲಿ ನಾಲ್ಕು ಜನರಿಗೆ ಹೇಳು.

ಈಗ ಖರ್ಚಿನ ಮಾತಿಗೆ ಬರೋಣ. ಡಾಕ್ಟರನ್ನು ಮನೆಗೆ ಕರೆಸಿದರೆ ದುಡ್ಡು ಹೆಚ್ಚು, ಕೋಳಿಯನ್ನು ಅವರ ಹತ್ತಿರ ಒಯ್ದರೆ ಕಡಿಮೆ. ಹಸು ಎಮ್ಮೆಯನ್ನು ಒಯ್ಯಲಾಗದು, ಎರಡು ಕಿಲೋದ ಹಕ್ಕಿಯನ್ನು ಒಯ್ಯಬಹುದು. ಸರ್ಕಾರಿ ಪಶು ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗು. ಕೋಳಿ ತಂದೆ ಅಂತ ನಾಚಬೇಡ, ಅದು ಕೋಳಿಗೂ ಇರುವ ಆಸ್ಪತ್ರೆ. ನಮ್ಮ ಆಂಧ್ರದ ಹಳ್ಳಿಗಳಲ್ಲಿ 2020ರಲ್ಲಿ ಶುರುವಾದ ರೈತು ಭರೋಸಾ ಕೇಂದ್ರಗಳು ಈಗ ರೈತು ಸೇವಾ ಕೇಂದ್ರಗಳು. ಅಲ್ಲಿನ ಪಶು ಸಹಾಯಕರನ್ನು ಮೊದಲೇ ಪರಿಚಯ ಮಾಡಿಕೋ.

1962 ಅನ್ನುವ ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಕರೆಗೆ ದುಡ್ಡಿಲ್ಲ. ಆಂಧ್ರದಲ್ಲಿ 2022ರ ಮೇ ತಿಂಗಳಲ್ಲಿ 175 ವಾಹನಗಳಿಂದ ಇದು ಶುರುವಾಯಿತು, ವಿಧಾನಸಭಾ ಕ್ಷೇತ್ರಕ್ಕೊಂದರಂತೆ. ರಾಯದುರ್ಗವೂ ಒಂದು ಕ್ಷೇತ್ರ, ಮಡಕಶಿರವೂ ಒಂದು. ಗಡಿಯವರಾದ ನಾವು ಒಂದು ವಿಷಯ ನೆನಪಿಡಬೇಕು: ಕರ್ನಾಟಕದಲ್ಲೂ ಅದೇ ಸಂಖ್ಯೆ. ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಕಡೆಯ ನಮ್ಮ ಊರುಗಳಿಗೆ ಮೂರು ಕಡೆ ಕರ್ನಾಟಕ. ಆದ್ದರಿಂದ ಕೋಳಿಗೆ ಏನಾಯಿತು ಅಂತ ಶುರುಮಾಡುವ ಮೊದಲು ರಾಜ್ಯ, ಜಿಲ್ಲೆ, ಮಂಡಲ, ಊರು ಹೇಳು. 2022ರ ಏಪ್ರಿಲ್ 4ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬಾಯಿಗೆ ಬಂದ ರೂಢಿಯಲ್ಲಿ 'ಅನಂತಪುರ' ಅಂದರೆ ಹುಡುಕಾಟ ಬೇರೆ ಕಡೆ ಹೋದೀತು. ರಾಯದುರ್ಗ ಮಾತ್ರ ಇಂದಿಗೂ ಅನಂತಪುರ ಜಿಲ್ಲೆಯೇ.

ಖಾಸಗಿ ಡಾಕ್ಟರ ಹತ್ತಿರ ಹೋದರೆ ಚಿಕಿತ್ಸೆ ಶುರುವಾಗುವ ಮುಂಚೆ ಎರಡು ಪ್ರಶ್ನೆ ಕೇಳು: 'ಸಾರ್, ಬದುಕುವ ಭರವಸೆ ಇದೆಯಾ? ಒಟ್ಟು ಎಷ್ಟಾಗಬಹುದು?' ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. 'ನನ್ನ ಹತ್ತಿರ ಇಷ್ಟಿದೆ, ಇಷ್ಟರಲ್ಲಿ ಏನಾಗುತ್ತದೆ?' ಅಂತಲೂ ಕೇಳಬಹುದು. ದೊಡ್ಡ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ, ಕಡಪ ಜಿಲ್ಲೆಯ ಪ್ರೊದ್ದಟೂರಿನಲ್ಲಿ ಪಶುವೈದ್ಯ ಕಾಲೇಜುಗಳಿವೆ. ಅಷ್ಟು ದೂರ ಒಯ್ಯದಿದ್ದರೆ ಪ್ರೀತಿ ಕಡಿಮೆ ಅಂತ ಯಾರೂ ತಿಳಿಯಬಾರದು. ಸಾಲ ಮಾಡಿ ಕೋಳಿ ಉಳಿಸು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅದಕ್ಕೆಂದೇ ಮೊಟ್ಟೆಯ ದುಡ್ಡಲ್ಲಿ ಒಂದು ಪಾಲು ತೆಗೆದಿಡು. ನಾಟಿ ಹ್ಯಾಟೆ ವರ್ಷಕ್ಕೆ ಅರವತ್ತು ಮೊಟ್ಟೆಯ ಆಸುಪಾಸು ಇಡುತ್ತದೆ. ಐದು ಹ್ಯಾಟೆಗೆ ಮುನ್ನೂರು. ಹತ್ತಕ್ಕೊಂದು ಮೊಟ್ಟೆಯ ದುಡ್ಡು ಬೇರೆ ಡಬ್ಬಿಗೆ ಹಾಕಿದರೆ, ಮೊಟ್ಟೆಗೆ ಹತ್ತು ರೂಪಾಯಿಯಂತೆ, ವರ್ಷಕ್ಕೆ ಮುನ್ನೂರು ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ಹತ್ತಿ, ಅಯೋಡಿನ್, ಬಸ್ಸಿನ ಟಿಕೆಟ್ಟು, ಒಂದು ಸೂಜಿಮದ್ದಿಗೆ ಸಾಕು. ಮುಖ್ಯವಾಗಿ ಅದು ಕೋಳಿಗಳೇ ದುಡಿದ ದುಡ್ಡು. ಆಗ 'ನಾನೂರರ ಕೋಳಿಗೆ ಇಷ್ಟಾ?' ಅನ್ನುವವರಿಗೆ ನೀನು ಉತ್ತರ ಹೇಳಬೇಕಾಗಿಲ್ಲ.

ಲಸಿಕೆಯ ಲೆಕ್ಕ ಇದಕ್ಕಿಂತ ಸುಲಭ, ಓಣಿಯವರು ಕೂಡಿದರೆ. ಕೊಕ್ಕರೆ ರೋಗದ ಲಸಿಕೆಯ ಒಂದು ಸೀಸೆಯಲ್ಲಿ ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟಿರುತ್ತದೆ. ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿಗೆ ಸೀಸೆ ಒಡೆದರೆ ಉಳಿದದ್ದು ದಂಡ. ಹತ್ತು ಹದಿನೈದು ಮನೆಯವರು ಒಂದೇ ದಿನ ಕೋಳಿ ಹಿಡಿದು ಕೂಡಿಸಿದರೆ ತಲೆಗೆ ಬೀಳುವ ಖರ್ಚು ತೀರ ಕಡಿಮೆ. ಮರಿಗೆ ಮೊದಲ ವಾರದಲ್ಲಿ ಕಣ್ಣು ಮೂಗಿಗೆ ಹನಿ, ಎಂಟು ವಾರದ ಹೊತ್ತಿಗೆ ಸೂಜಿಮದ್ದು. ಇದನ್ನು ಗಾಯದ ಮಾತಿನ ನಡುವೆ ಯಾಕೆ ಹೇಳುತ್ತಿದ್ದೇನೆಂದರೆ, ಕತ್ತು ತಿರುಚಿಕೊಂಡು ಸುತ್ತುವ ಕೋಳಿಯನ್ನು 'ಯಾರೋ ಹೊಡೆದಿದ್ದಾರೆ' ಅಂತ ಜಗಳಕ್ಕೆ ಹೋದವರನ್ನು ಬಹಳ ಕಂಡಿದ್ದೇನೆ. ಅದು ಹೆಚ್ಚಾಗಿ ಪೆಟ್ಟಲ್ಲ, ಕೊಕ್ಕರೆ ರೋಗ. ಹಾಗೆಯೇ ಇದ್ದಕ್ಕಿದ್ದಂತೆ ನಾಲ್ಕಾರು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡ, ಆಸ್ಪತ್ರೆಗೆ ತಿಳಿಸು. 2025ರ ಶುರುವಿನಲ್ಲಿ ಗೋದಾವರಿ ಜಿಲ್ಲೆಗಳಲ್ಲೂ ಆಮೇಲೆ ನಿನ್ನ ನೆರೆಯ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲೂ ಹಕ್ಕಿಜ್ವರ ಕಂಡಿತ್ತು.

ಮನುಷ್ಯರ ಮಾತ್ರೆ ಅರ್ಧ ಮಾಡಿ ಕೋಳಿಗೆ ಹಾಕುವ ಚಾಳಿ ನಮ್ಮಲ್ಲಿದೆ. ನೋವಿನ ಮದ್ದು ಡೈಕ್ಲೋಫಿನಾಕ್ ಕೊಟ್ಟ ದನಗಳ ಹೆಣ ತಿಂದೇ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದನ್ನೇ ಸರ್ಕಾರ ನಿಲ್ಲಿಸಿತು. ಕೋಳಿಯೂ ಹಕ್ಕಿಯೇ ಕಣಮ್ಮ, ನಮ್ಮ ಮಾತ್ರೆ ಅದಕ್ಕೆ ಬೇಡ. ಡಾಕ್ಟರು ಆಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನ ಪೂರ್ತಿ ಕೊಡು, ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದು ಅಂತ ಅವರನ್ನೇ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಮಕ್ಕಳಿಗೆ ಆ ಮೊಟ್ಟೆ ಹೋಗದಂತೆ ನೋಡು. 'ಬದುಕಲ್ಲ, ಕೊಯ್ದುಬಿಡೋಣ' ಅನ್ನುವ ಮಾತು ಬಂದರೂ, ಮದ್ದು ಒಳಗೆ ಹೋದ ಕೋಳಿ ಸಾರಿಗೆ ಬರುವುದಿಲ್ಲ. ಇನ್ನೊಂದು ಮಾತು, ಕೋಳಿಯನ್ನು ಕಚ್ಚಿದ ನಾಯಿ ಹುಚ್ಚುನಾಯಿ ಅನ್ನುವ ಅನುಮಾನವಿದ್ದರೆ, ಗಾಯ ಮುಟ್ಟಿದ ಕೈಯನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆ. ಕೈಯಲ್ಲಿ ಗೀರು ಇದ್ದರೆ ಅವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗು.

'ನಾನೂರರ ಕೋಳಿ' ಅನ್ನುವ ಬೆಲೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 1860ರ ದಂಡ ಸಂಹಿತೆಯಲ್ಲಿ ಪ್ರಾಣಿಯನ್ನು ಬೇಕೆಂದೇ ಕೊಂದರೆ, ಊನ ಮಾಡಿದರೆ ಶಿಕ್ಷೆ ಅಂತಿತ್ತು, ಆದರೆ ಆ ಪ್ರಾಣಿ ಹತ್ತು ರೂಪಾಯಿಯಾದರೂ ಬೆಲೆ ಬಾಳಬೇಕಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಬೆಲೆಯ ಮಾತೇ ಇಲ್ಲ. ಯಾರಾದರೂ ಹಟಕ್ಕೆ ಬಿದ್ದು ನಿನ್ನ ಕೋಳಿಯ ಕಾಲು ಮುರಿದರೆ 'ಒಂದು ಕೋಳಿ ತಾನೇ' ಅಂತ ಕಾನೂನು ಅನ್ನುವುದಿಲ್ಲ. ಹಾಗಂತ ಪಕ್ಕದ ಮನೆಯವರ ನಾಯಿ ಕಚ್ಚಿದ್ದಕ್ಕೆಲ್ಲ ಠಾಣೆ ಮೆಟ್ಟಿಲು ಹತ್ತಬೇಡ. ಔಷಧಿಯ ಖರ್ಚು ಅರ್ಧ ಕೊಡಿ, ನಾಯಿ ಕಟ್ಟಿಹಾಕಿ ಅಂತ ಹಿರಿಯರ ಮುಂದೆ ಮಾತಾಡು. ಸಾಮಾನ್ಯವಾಗಿ ಒಪ್ಪುತ್ತಾರೆ.

ಉಳಿಯದ ಕೋಳಿಯ ವಿಷಯ ಹೇಳದೆ ಹೋಗಲಾರೆ. ಮೇವು ನೀರು ಮುಟ್ಟದೆ, ತಲೆ ಎತ್ತಲಾಗದೆ ದಿನವೆಲ್ಲ ಒದ್ದಾಡುತ್ತಿದ್ದರೆ 'ತಾನಾಗಿ ಹೋಗಲಿ' ಅಂತ ಬಿಡಬೇಡ. ಅದು ಕರುಣೆಯಲ್ಲ. ಡಾಕ್ಟರು ಹತ್ತಿರವಿದ್ದರೆ ನೋವಿಲ್ಲದೆ ಮುಗಿಸುವ ಮದ್ದು ಕೇಳು. ಇಲ್ಲದಿದ್ದರೆ ಕೈ ಪಳಗಿದವರಿಂದ, ಮಕ್ಕಳ ಕಣ್ಣ ಮುಂದಲ್ಲದೆ, ಒಂದೇ ಕ್ಷಣದಲ್ಲಿ ಆಗಲಿ. ಆಮೇಲೆ ಮೊಳಕಾಲುದ್ದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳು. ರಸ್ತೆ ಬದಿ ಎಸೆದರೆ ಬೀದಿನಾಯಿಗೆ ರುಚಿ ಹತ್ತುತ್ತದೆ, ಮುಂದಿನ ಸಲ ಬದುಕಿರುವುದನ್ನೇ ಹಿಡಿಯುತ್ತದೆ. ಮಗು ಅತ್ತರೆ ಅಳಲಿ. 'ಇನ್ನೊಂದು ತಂದುಕೊಡ್ತೀನಿ ಸುಮ್ಮನಿರು' ಅನ್ನುವುದು ಅವತ್ತಿನ ಮಾತಲ್ಲ.

ಬದುಕಿ ಉಳಿದ ಕೋಳಿಯನ್ನು ಗಾಯ ಪೂರ್ತಿ ಒಣಗಿ ಹೊಸ ಪುಕ್ಕ ಬರುವವರೆಗೂ ಗುಂಪಿಗೆ ಬಿಡಬೇಡ. ಮೊದಲು ಬುಟ್ಟಿ ಮುಚ್ಚಿಯೇ ಗುಂಪಿನ ನಡುವೆ ಕೆಲವು ದಿನ ಇಡು, ಒಂದನ್ನೊಂದು ನೋಡಿಕೊಳ್ಳಲಿ. ಆಮೇಲೆ ಹಗಲಲ್ಲಿ ಬಿಡದೆ, ಕತ್ತಲಾಗಿ ಎಲ್ಲವೂ ಗೂಡಲ್ಲಿ ಕೂತ ಮೇಲೆ ಮೆಲ್ಲಗೆ ಒಳಗೆ ಸೇರಿಸು. ಬೆಳಿಗ್ಗೆ ಬೇಗ ಎದ್ದು ನೀನೇ ಬಾಗಿಲು ತೆಗೆ, ಮೇವನ್ನು ಎರಡು ಮೂರು ಕಡೆ ಹಾಕು. ಕುಕ್ಕುವುದು ನಿಲ್ಲದಿದ್ದರೆ ಪೆಟ್ಟಾದದ್ದನ್ನು ಮತ್ತೆ ಬುಟ್ಟಿಗೆ ಹಾಕುವ ಬದಲು ಹೆಚ್ಚು ಕುಕ್ಕುವ ಕೋಳಿಯನ್ನೇ ಎರಡು ದಿನ ಬೇರೆ ಇಡು. ತಿರುಗಿ ಬರುವ ಹೊತ್ತಿಗೆ ಅದರ ಜೋರು ಇಳಿದಿರುತ್ತದೆ.